ಕೋವಿಗೆಷ್ಟು, ಕೂಳಿಗೆಷ್ಟು?

(ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಮಾತು. ಸಂಚಿಕೆಗಾಗಿ ಸ್ವಲ್ಪ ತಿದ್ದಿ ಬರೆದದ್ದು.)



ನನಗೆ ಕೊಟ್ಟಿರುವ ವಿಷಯ "ಸರ್ಕಾರದ ಮಿಲಿಟರಿ ಖರ್ಚು ಮತ್ತು ಜನರ ಅಗತ್ಯ". ವಿಷಯ ಕೇಳಿದ ತಕ್ಷಣ ನಮ್ಮೂರಿನ ಒಬ್ಬ ಅಣ್ಣ ಕೇಳಿದ್ರು, "ಅದೆಲ್ಲ ಡೆಲ್ಲಿ ಸಮಾಚಾರ ಕನಮ್ಮ, ತಾಳವಾಡಿ ಬೆಟ್ಟದಲ್ಲಿ ಕುಂತ ನಮಗೆ ಅದ್ಯಾಕೆ?" ಒಳ್ಳೆ ಪ್ರಶ್ನೆ. ನನ್ನ ಇಡೀ ಮಾತು ಆ ಪ್ರಶ್ನೆಗೇ ಉತ್ತರ ಅಂತ ತಿಳಿದುಕೊಳ್ಳಿ. ಈ ಲೆಕ್ಕ ಡೆಲ್ಲಿಯಲ್ಲಿ ಬರೆಯೋದು ನಿಜ. ಆದರೆ ಅದರ ಉಳಿಕೆ ಬಾಕಿ ನಮ್ಮ ಕೇರಿಯಲ್ಲಿ ಕಾಣುತ್ತದೆ.

ಮೊದಲು ಲೆಕ್ಕ ನೋಡೋಣ. 2025-26ರಲ್ಲಿ ಕೇಂದ್ರ ಸರ್ಕಾರದ ಬಜೆಟ್ ಸುಮಾರು 50 ಲಕ್ಷ 65 ಸಾವಿರ ಕೋಟಿ ರೂಪಾಯಿ. ಅದರಲ್ಲಿ ರಕ್ಷಣಾ ಇಲಾಖೆಗೆ 6 ಲಕ್ಷ 81 ಸಾವಿರ ಕೋಟಿ. ಇಷ್ಟು ದೊಡ್ಡ ಸಂಖ್ಯೆ ನಮ್ಮ ತಲೆಗೆ ಹತ್ತೋದಿಲ್ಲ. ಅದಕ್ಕೆ ಇಡೀ ಬಜೆಟ್ಟನ್ನು ನೂರು ರೂಪಾಯಿ ಅಂತ ಇಟ್ಟುಕೊಳ್ಳೋಣ. ಆ ನೂರರಲ್ಲಿ ಹಳೇ ಸಾಲದ ಬಡ್ಡಿಗೇ ಸುಮಾರು 25 ರೂಪಾಯಿ ಹೋಗುತ್ತದೆ. ರಕ್ಷಣೆಗೆ 13 ರೂಪಾಯಿ 45 ಪೈಸೆ. ಶಿಕ್ಷಣ ಇಲಾಖೆಗೆ ಎರಡೂವರೆ ರೂಪಾಯಿ. ಆರೋಗ್ಯ ಇಲಾಖೆಗೆ ಎರಡು ರೂಪಾಯಿಗೆ ಸ್ವಲ್ಪ ಕಡಿಮೆ. ನಮ್ಮ ಅವ್ವಂದಿರು ಆಗ ಹೋಗುತ್ತಿದ್ದ ನೂರು ದಿನದ ಕೆಲಸಕ್ಕೆ 1 ರೂಪಾಯಿ 70 ಪೈಸೆ. ಸ್ಕಾಲರ್‌ಶಿಪ್, ಹಾಸ್ಟೆಲ್ ಎಲ್ಲ ನೋಡಿಕೊಳ್ಳುವ ಸಾಮಾಜಿಕ ನ್ಯಾಯ ಇಲಾಖೆಗೆ ಎಷ್ಟು ಗೊತ್ತಾ? 27 ಪೈಸೆ.

ಇಲ್ಲಿಗೇ ನಿಲ್ಲಿಸಿ "ನೋಡಿದಿರಾ ಅನ್ಯಾಯ" ಅಂತ ಕೂಗಿ ಇಳಿದುಬಿಟ್ಟರೆ ಚಪ್ಪಾಳೆ ಬರುತ್ತದೆ. ಆದರೆ ಅದು ಪೂರ್ತಿ ಸತ್ಯ ಆಗೋದಿಲ್ಲ. ಎದುರಿನವರು ಎರಡು ಮಾತು ಕೇಳ್ತಾರೆ, ಅದಕ್ಕೆ ನಾವು ಉತ್ತರ ಇಟ್ಟುಕೊಂಡಿರಬೇಕು.

ಒಂದನೇ ಮಾತು: ಮಿಲಿಟರಿ ದುಡ್ಡೆಲ್ಲ ಬಂದೂಕು, ವಿಮಾನ ಅಲ್ಲ. ಹೌದು. ಆ ವರ್ಷ ರಕ್ಷಣೆಗೆ ಕೊಟ್ಟ ನೂರು ರೂಪಾಯಿಯಲ್ಲಿ ಸುಮಾರು 24 ರೂಪಾಯಿ ನಿವೃತ್ತ ಸೈನಿಕರ ಪೆನ್ಷನ್. 46 ರೂಪಾಯಿ ಸಂಬಳ, ಊಟ, ಬಟ್ಟೆ, ರಿಪೇರಿ, ಮದ್ದುಗುಂಡು ಇಂಥ ದಿನದ ಖರ್ಚು. ಹೊಸ ವಿಮಾನ, ಹಡಗು, ಫಿರಂಗಿ ಕೊಳ್ಳೋದೂ ಸೇರಿ ಬಂಡವಾಳ ವೆಚ್ಚಕ್ಕೆ ಹೆಚ್ಚು ಕಮ್ಮಿ 26 ರೂಪಾಯಿ. ಅಂದ್ರೆ ಈ ದುಡ್ಡಿನಲ್ಲಿ ಬಡವರ ಮನೆಗಳಿಗೂ ಒಂದು ಪಾಲು ಬರುತ್ತದೆ. ಸೈನ್ಯಕ್ಕೆ ಸೇರೋದು ಕೋಟ್ಯಧೀಶರ ಮಕ್ಕಳಲ್ಲ, ರೈತರ, ಕೂಲಿಯವರ ಮಕ್ಕಳು. ಅವರ ಪೆನ್ಷನ್ ಕಿತ್ತುಕೊಳ್ಳಿ ಅಂತ ನಾನು ಹೇಳೋದಿಲ್ಲ.

ಎರಡನೇ ಮಾತು: ಆಸ್ಪತ್ರೆ, ಆರೋಗ್ಯ ರಾಜ್ಯ ಸರ್ಕಾರದ ಜವಾಬ್ದಾರಿ, ರಕ್ಷಣೆ ಕೇಂದ್ರದ್ದು. ಇದೂ ಹೌದು. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಹಾಗೇ ಹಂಚಿದ್ದಾರೆ. ಶಿಕ್ಷಣ ಮೊದಲು ರಾಜ್ಯದ ಪಟ್ಟಿಯಲ್ಲಿತ್ತು, 1976ರ 42ನೇ ತಿದ್ದುಪಡಿ ಆದಮೇಲೆ ಇಬ್ಬರ ಪಟ್ಟಿಗೂ ಬಂತು. ಹಾಗಾಗಿ ಕೇಂದ್ರದ ಬಜೆಟ್ ಒಂದನ್ನೇ ಹಿಡಿದು ಆಸ್ಪತ್ರೆಗೂ ಮಿಲಿಟರಿಗೂ ತೂಕ ಹಾಕಿದರೆ ತಕ್ಕಡಿ ಸರಿ ಇರೋದಿಲ್ಲ.

ಸರಿ, ಒಪ್ಪಿಕೊಂಡೆವು. ಆದರೆ ರಾಜ್ಯಕ್ಕೆ ದುಡ್ಡು ಎಲ್ಲಿಂದ ಬರಬೇಕು? ದೊಡ್ಡ ತೆರಿಗೆಗಳನ್ನು ವಸೂಲಿ ಮಾಡೋದು ಕೇಂದ್ರ. ಅದರಲ್ಲಿ ಹಂಚಬೇಕಾದ ಪಾಲು 41 ಪರ್ಸೆಂಟ್ ಅಂತ 15ನೇ ಹಣಕಾಸು ಆಯೋಗ ಹೇಳಿತು. ಸೆಸ್, ಸರ್‌ಚಾರ್ಜ್ ಅಂತ ಹಾಕುವ ತೆರಿಗೆ ಆ ಹಂಚಿಕೆಗೆ ಬರೋದೇ ಇಲ್ಲ. ಇನ್ನೊಂದು ಸಂಗತಿ ಇದೆ, ಇದನ್ನು ನಮ್ಮಲ್ಲಿ ಹೆಚ್ಚು ಜನ ಗಮನಿಸಿಲ್ಲ. 2019ರ ಜುಲೈಯಲ್ಲಿ ಕೇಂದ್ರ ಸರ್ಕಾರ ಅದೇ ಆಯೋಗಕ್ಕೆ ಹೊಸದಾಗಿ ಒಂದು ಕೆಲಸ ಸೇರಿಸಿತು: ರಕ್ಷಣೆಗೆ ಮತ್ತು ಆಂತರಿಕ ಭದ್ರತೆಗೆ ಬೇರೆಯೇ ನಿಧಿ ಇಡಬಹುದಾ ನೋಡಿ ಅಂತ. ಆಯೋಗ ಇಡಬಹುದು ಅಂತ ಹೇಳಿತು. 2021ರಿಂದ 26ರವರೆಗೆ ಐದು ವರ್ಷಕ್ಕೆ 2 ಲಕ್ಷ 38 ಸಾವಿರ ಕೋಟಿ, ಆ ವರ್ಷ ಖರ್ಚಾಗದಿದ್ದರೂ ವಾಪಸ್ ಹೋಗದಂಥ ನಿಧಿ ಅಂತ ಶಿಫಾರಸು ಮಾಡಿತು. ಕೇಂದ್ರ ತಾತ್ವಿಕವಾಗಿ ಒಪ್ಪಿತು. ರಾಜ್ಯಗಳಿಗೆ ದುಡ್ಡು ಹಂಚೋಕೆ ಅಂತ ಇರುವ ಆಯೋಗದ ಮುಂದೆ ರಕ್ಷಣೆ ಬಂದು ನಿಂತರೆ, ಆಸ್ಪತ್ರೆ ನಡೆಸುವ ರಾಜ್ಯಗಳ ತಟ್ಟೆಗೆ ಕೈ ಬೀಳುತ್ತದೋ ಇಲ್ಲವೋ ನೀವೇ ಹೇಳಿ.

"ಆ ವರ್ಷ ಖರ್ಚಾಗದಿದ್ದರೂ ವಾಪಸ್ ಹೋಗದಂಥ" ಅನ್ನೋ ಮಾತನ್ನು ನೆನಪಿಟ್ಟುಕೊಳ್ಳಿ. ಪರಿಶಿಷ್ಟರ ಉಪಯೋಜನೆ 1979-80ರಿಂದ ಇದೆ. ನಮ್ಮ ಜನಸಂಖ್ಯೆಗೆ ತಕ್ಕಷ್ಟು ದುಡ್ಡು ಎತ್ತಿಡಬೇಕು, ಅದು ಬೇರೆ ಕಡೆಗೆ ಹೋಗಬಾರದು, ವಾಪಸ್ ಹೋಗಬಾರದು ಅಂತ ನಮ್ಮ ಹಿರಿಯರು ಕೇಳಿ ಕೇಳಿ ಸುಸ್ತಾದರು. ಅದಕ್ಕೆ ಒಂದು ಕಾನೂನು ಬೇಲಿ ಹಾಕೋದಕ್ಕೆ ಪಕ್ಕದ ಕರ್ನಾಟಕದಲ್ಲಿ 2013ರವರೆಗೆ ಕಾಯಬೇಕಾಯಿತು, ನಮ್ಮ ತಮಿಳುನಾಡಿನಲ್ಲಿ 2024ರವರೆಗೆ. ನಮಗೆ ನಲವತ್ತು ವರ್ಷದ ಮೇಲೆ ಬಂದದ್ದು ಅವರಿಗೆ ಒಂದು ಆಯೋಗ ಕೂತು ಏಳುವಷ್ಟರಲ್ಲಿ ಶಿಫಾರಸಾಯಿತು.

ಇನ್ನೊಂದು ಜೋಡಿ ಲೆಕ್ಕ ಹೇಳ್ತೀನಿ. 2016ರ ಸೆಪ್ಟೆಂಬರಿನಲ್ಲಿ ಭಾರತ ಫ್ರಾನ್ಸಿನಿಂದ 36 ರಫೇಲ್ ಯುದ್ಧ ವಿಮಾನ ಕೊಳ್ಳೋಕೆ ಒಪ್ಪಂದ ಮಾಡಿಕೊಂಡಿತು. ಬೆಲೆ ಸುಮಾರು 59 ಸಾವಿರ ಕೋಟಿ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್‌ಗೆ ಐದು ವರ್ಷಕ್ಕೆ ಒಂದು ಮೊತ್ತ ಒಪ್ಪಿತು. ಎಷ್ಟು? 59,048 ಕೋಟಿ. ಅದರಲ್ಲಿ ಕೇಂದ್ರ 60 ಪರ್ಸೆಂಟ್, ರಾಜ್ಯ 40. ಫಲಾನುಭವಿಗಳು ದೇಶದಾದ್ಯಂತ ನಾಲ್ಕು ಕೋಟಿಗೂ ಹೆಚ್ಚು ವಿದ್ಯಾರ್ಥಿಗಳು. ನೋಡಿ, ಒಂದೇ ಮೊತ್ತ. ಒಂದು ಕಡೆ 36 ವಿಮಾನ, ಇನ್ನೊಂದು ಕಡೆ ನಾಲ್ಕು ಕೋಟಿ ಮಕ್ಕಳ ಐದು ವರ್ಷದ ಓದು.

ವಿಮಾನ ಬೇಡ ಅಂತ ನಾನು ಹೇಳ್ತಿಲ್ಲ. ನಾನು ಕೇಳೋದು ಎರಡಕ್ಕೂ ತೋರಿಸಿದ ಮರ್ಯಾದೆ ಎಂಥದ್ದು ಅಂತ. ವಿಮಾನದ ಒಪ್ಪಂದದಲ್ಲಿ ಯಾವತ್ತು ಎಷ್ಟು ಕಂತು ಅಂತ ಬರೆದಿರ್ತದೆ, ತಪ್ಪಿದರೆ ಹೊರದೇಶದ ಕಂಪನಿ ಕೇಳುತ್ತದೆ. ವಿಮಾನಗಳು 2020ರ ಜುಲೈಯಿಂದ ಬರೋಕೆ ಶುರುವಾಗಿ 2022ರ ಕೊನೆಗೆ ಎಲ್ಲ 36 ಬಂದವು. ಸ್ಕಾಲರ್‌ಶಿಪ್ ತಪ್ಪಿದರೆ ಯಾರು ಕೇಳ್ತಾರೆ? 2017ರಿಂದ 2020ರವರೆಗೆ ಈ ಸ್ಕಾಲರ್‌ಶಿಪ್‌ಗೆ ಕೇಂದ್ರ ವರ್ಷಕ್ಕೆ ಕೊಡ್ತಾ ಇದ್ದದ್ದು ಸುಮಾರು 1,100 ಕೋಟಿ ಅಷ್ಟೇ, ಉಳಿದದ್ದು ರಾಜ್ಯದ ತಲೆ ಮೇಲೆ. ಇದನ್ನು ಸರ್ಕಾರವೇ ಹೇಳಿದೆ. ಆ ವರ್ಷಗಳಲ್ಲಿ ಓದು ಬಿಟ್ಟವರು ಯಾವ ಕೋರ್ಟಿಗೆ ಹೋಗಬೇಕು? ನನ್ನ ಜೊತೆ ಪ್ಲಸ್ ಟೂ ಮುಗಿಸಿದ ಒಬ್ಬಳು, ನನಗಿಂತ ಚೆನ್ನಾಗಿ ಓದುವವಳು, ಸ್ಕಾಲರ್‌ಶಿಪ್ ದುಡ್ಡು ವರ್ಷ ಮುಗಿದರೂ ಬಾರದೆ ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋದಳು. ಈಗ ಅವಳ ಸಂಬಳದಲ್ಲಿ ತಮ್ಮ ಓದುತ್ತಿದ್ದಾನೆ. ಕೊನೆಗೆ ದುಡ್ಡು ಬಂತು, ಓದೋಕೆ ಅವಳೇ ಇರಲಿಲ್ಲ.

ಸರ್ಕಾರ ಯಾಕೆ ಹೀಗೆ ತೂಗುತ್ತದೆ? ನನಗೆ ಮೂರು ಕಾರಣ ಕಾಣುತ್ತವೆ. ಒಂದು, ಗಡಿಯಲ್ಲಿ ಶತ್ರುವಿಗೆ ಮುಖ ಇದೆ, ಹೆಸರಿದೆ. ರಕ್ತ ಇಲ್ಲದೆ ಬಿಳಿಚಿಕೊಂಡಿರುವ ಬಸುರಿ ಹೆಂಗಸಿನ ಎದುರಿಗೆ ಅಂಥ ಶತ್ರು ಕಾಣೋದಿಲ್ಲ. ಅವಳು ಸತ್ತರೆ ಅದು "ವಿಧಿ". ಎರಡು, ರಕ್ಷಣೆ ಅಂದ್ರೆ ಗುಟ್ಟು, ಕೇಳಬಾರದು. ಪಾರ್ಲಿಮೆಂಟಿನಲ್ಲೇ ಎಷ್ಟೋ ಇಲಾಖೆಗಳ ಬೇಡಿಕೆಗಳು ಚರ್ಚೆಯೇ ಆಗದೆ ಕೊನೇ ದಿನ ಒಟ್ಟಿಗೆ ಪಾಸಾಗುತ್ತವೆ. ಅದಕ್ಕೆ ಗಿಲೋಟಿನ್ ಅಂತ ಹೆಸರೂ ಇಟ್ಟಿದ್ದಾರೆ, ತಲೆ ಕಡಿಯುವ ಯಂತ್ರದ ಹೆಸರು. ಮೂರು, ಕೇಳಿದವರಿಗೆ ದೇಶದ್ರೋಹಿ ಅನ್ನೋ ಪಟ್ಟ ಸಿದ್ಧ ಇರುತ್ತದೆ. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ಅಮಾಯಕರನ್ನು ಕೊಂದರು, ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ನಾಲ್ಕು ದಿನ ಕಾಳಗ ಆಯಿತು. ಆ ನಾಲ್ಕು ದಿನ ಬಜೆಟ್ ಬಗ್ಗೆ ಯಾರಾದರೂ ಬಾಯಿ ಬಿಡೋಕೆ ಆಗ್ತಿತ್ತಾ? ಆ ದಿನ ಸುಮ್ಮನಿರೋದು ಸರಿ ಇರಬಹುದು. ಆದರೆ ವರ್ಷದ 365 ದಿನವೂ ಸುಮ್ಮನಿರು ಅಂದರೆ ಒಪ್ಪೋದು ಹೇಗೆ?

ಹೀಗೆ ಕೇಳಿದವರಲ್ಲಿ ನಮ್ಮ ಬಾಬಾಸಾಹೇಬರೂ ಒಬ್ಬರು. 1951ರಲ್ಲಿ ಅವರು ಕಾನೂನು ಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಹಿಂದೂ ಕೋಡ್ ಬಿಲ್ಲಿಗಾಗಿ ಕೊಟ್ಟರು ಅಂತ ನಮಗೆಲ್ಲ ಗೊತ್ತು. ಅಕ್ಟೋಬರ್ 10ರ ಆ ಹೇಳಿಕೆಯಲ್ಲಿ ಇನ್ನೊಂದು ಕಾರಣವೂ ಇದೆ. ದೇಶದ ವರ್ಷದ ಆದಾಯ 350 ಕೋಟಿ, ಅದರಲ್ಲಿ ಸುಮಾರು 180 ಕೋಟಿ ಸೈನ್ಯಕ್ಕೇ ಹೋಗ್ತಾ ಇದೆ, ಅಂದ್ರೆ ಅರ್ಧಕ್ಕೂ ಮೇಲೆ, ಇದು ನಮ್ಮ ವಿದೇಶಾಂಗ ನೀತಿಯ ಫಲ, ನಮಗೆ ಸ್ನೇಹಿತರಿಲ್ಲದ್ದರಿಂದ ಇಡೀ ಖರ್ಚು ನಾವೇ ಹೊರಬೇಕಾಗಿದೆ ಅಂತ ಅವರು ಲೆಕ್ಕ ಕೊಟ್ಟು ಹೇಳಿದರು. ಸೈನ್ಯದ ದುಡ್ಡನ್ನು ಕಡಿಮೆ ಮಾಡಬೇಕಾದರೆ ನೆರೆಯವರ ಜೊತೆಗಿನ ಜಗಳದ ಮೂಲಕ್ಕೇ ಕೈ ಹಾಕಬೇಕು ಅನ್ನೋದು ನನಗೆ ಇದರಿಂದ ತಿಳಿದ ಪಾಠ.

ಬಾಬಾಸಾಹೇಬರಿಗೆ ಸೈನ್ಯ ಅಂದರೆ ದ್ವೇಷ ಇತ್ತಾ? ಇರಲಿಲ್ಲ. ಅವರ ತಂದೆ ರಾಮಜಿ ಸಕ್ಪಾಲ್ ಬ್ರಿಟಿಷ್ ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಬಾಬಾಸಾಹೇಬರು ಹುಟ್ಟಿದ್ದೇ ಮಹೂ ಅನ್ನೋ ಮಿಲಿಟರಿ ಊರಿನಲ್ಲಿ. ಆ ಮನೆಗೆ ಅಕ್ಷರ ಬಂದದ್ದರಲ್ಲಿ ಸೈನ್ಯದ ನೌಕರಿಯ ಪಾಲು ದೊಡ್ಡದು. ಬ್ರಿಟಿಷರು ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳೋದು ನಿಲ್ಲಿಸಿದಾಗ ನಮ್ಮವರಿಗೆ ಒಂದು ಬಾಗಿಲು ಮುಚ್ಚಿತು. 1941ರಲ್ಲಿ ಮಹಾರ್ ರೆಜಿಮೆಂಟ್ ಶುರುವಾದಾಗ ಅದು ಮತ್ತೆ ತೆರೆಯಿತು, ಅದಕ್ಕೆ ಬಾಬಾಸಾಹೇಬರೂ ಒತ್ತಾಯ ಮಾಡಿದ್ದರು. ಬಾಗಿಲು ತೆರೆಯಿರಿ ಅಂದವರೂ ಅವರೇ, ಹತ್ತು ವರ್ಷ ಆದಮೇಲೆ ಲೆಕ್ಕ ಕೊಡಿ ಅಂದವರೂ ಅವರೇ. ಎರಡೂ ಒಬ್ಬ ಮನುಷ್ಯನ ಬಾಯಿಂದ ಬರಬಹುದು. ಯೋಧನಿಗೆ ಕೈ ಮುಗಿಯೋದು ಬೇರೆ, ಲೆಕ್ಕ ಕೇಳೋದು ಬೇರೆ.

ಆ ಬಾಗಿಲು ಈಗ ಹೇಗಿದೆ ನೋಡಿ. 2022ರಲ್ಲಿ ಅಗ್ನಿಪಥ್ ಅಂತ ಯೋಜನೆ ಬಂತು. ಹುಡುಗರನ್ನು ನಾಲ್ಕು ವರ್ಷಕ್ಕೆ ತಗೋತಾರೆ, ಆಮೇಲೆ ನೂರಕ್ಕೆ 25 ಜನರನ್ನು ಮಾತ್ರ ಉಳಿಸಿಕೊಳ್ತಾರೆ. ಉಳಿದವರಿಗೆ ಒಂದಷ್ಟು ಗಂಟು ಕೊಟ್ಟು ಕಳಿಸ್ತಾರೆ, ಪೆನ್ಷನ್ ಇಲ್ಲ. ಪೆನ್ಷನ್ ಹೊರೆ ಜಾಸ್ತಿ ಆಯಿತು ಅನ್ನೋದು ಇದರ ಹಿಂದೆ ಇದ್ದ ದೊಡ್ಡ ಮಾತು. ಖರ್ಚು ಉಳಿಸಬೇಕು ಅಂದಾಗ ಕತ್ತರಿ ಮೊದಲು ಬಿದ್ದದ್ದು ಬಡ ಹುಡುಗನ ಪೆನ್ಷನ್ ಮೇಲೆ. ಬೆಳಿಗ್ಗೆ ಐದಕ್ಕೆ ಎದ್ದು ರಸ್ತೆಯಲ್ಲಿ ಓಡುವ ನಮ್ಮ ತಮ್ಮಂದಿರಿಗೆ ಇದು ಗೊತ್ತಿರಲಿ. ಓಡಬೇಡಿ ಅನ್ನೋದಿಲ್ಲ, ಜೊತೆಗೆ ಡಿಗ್ರಿಯನ್ನೂ ಬಿಡಬೇಡಿ.

ಈಗ ನಮ್ಮ ಬೆಟ್ಟಕ್ಕೆ ಬರೋಣ. ಸರ್ಕಾರ ಕೋವಿ ಹಿಡಿದು ದುಡ್ಡು ಖರ್ಚು ಮಾಡೋದು ಹೇಗಿರ್ತದೆ ಅಂತ ತಿಳಿಯೋಕೆ ನಾವು ಕಾಶ್ಮೀರಕ್ಕೆ ಹೋಗಬೇಕಿಲ್ಲ. ವೀರಪ್ಪನ್ ಕಾಲ ನೆನಪಿರುವ ಹಿರಿಯರು ಇಲ್ಲೇ ಕೂತಿದ್ದೀರಿ. 1990ರ ದಶಕದ ಶುರುವಿನಲ್ಲಿ ಕರ್ನಾಟಕ, ತಮಿಳುನಾಡು ಎರಡೂ ಎಸ್‌ಟಿಎಫ್ ಕಟ್ಟಿದವು. 1993ರಲ್ಲಿ ಗಡಿ ಕಾಯುವ ಬಿಎಸ್‌ಎಫ್ ಪಡೆಯೇ ಈ ಕಾಡಿಗೆ ಬಂತು. 2000ದ ಜುಲೈ 30ರಂದು ನಮ್ಮ ದೊಡ್ಡ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ಹೊತ್ತುಕೊಂಡು ಹೋದಾಗ ಇಡೀ ದೇಶ ತಾಳವಾಡಿ ಹೆಸರು ಕೇಳಿತು. ಅವರು ಬಿಡುಗಡೆಯಾದದ್ದು 108 ದಿನ ಆದಮೇಲೆ. 2004ರ ಅಕ್ಟೋಬರ್ 18ರಂದು ಧರ್ಮಪುರಿ ಹತ್ತಿರ ವೀರಪ್ಪನ್ ಸತ್ತ.

ವೀರಪ್ಪನ್ ವೀರನಲ್ಲ. ನೂರಕ್ಕೂ ಹೆಚ್ಚು ಜನರನ್ನು ಕೊಂದವನು, ಅವರಲ್ಲಿ ನಮ್ಮಂಥ ಬಡವರೂ ಇದ್ದರು. ಅವನನ್ನು ಹಿಡಿಯಬೇಕಾದದ್ದು ಸರ್ಕಾರದ ಕೆಲಸವೇ. ಆದರೆ ಆ ಹತ್ತು ಹನ್ನೆರಡು ವರ್ಷ ಎರಡು ಕೋವಿಯ ನಡುವೆ ಸಿಕ್ಕಿದವರು ಯಾರು? ನಮ್ಮ ಅಜ್ಜಿ ಹೇಳೋದು, ಸೌದೆಗೆ ಕಾಡಿಗೆ ಹೋದರೆ ಪೊಲೀಸರು "ಯಾರಿಗೆ ಅಕ್ಕಿ ಕೊಟ್ಟೆ" ಅಂತ ಕೇಳೋರಂತೆ, ಅಕ್ಕಿ ಕೊಡದಿದ್ದರೆ ಅವನ ಕಡೆಯವರು ಕೇಳೋರಂತೆ. ಸೋಲಿಗರು, ನಮ್ಮ ಕೇರಿಯವರು, ಬೆಟ್ಟದ ಬಡ ಒಕ್ಕಲು ಕುಟುಂಬಗಳು ಇದನ್ನೆಲ್ಲ ಅನುಭವಿಸಿದರು.

ಎಸ್‌ಟಿಎಫ್ ಮೇಲೆ ಬಂದ ದೂರುಗಳನ್ನು ವಿಚಾರಿಸೋಕೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ಮಾಡಿತು. ಸಿಬಿಐ ನಿರ್ದೇಶಕರಾಗಿದ್ದ ಸಿ.ವಿ. ನರಸಿಂಹನ್ ಕೂಡ ಅದರಲ್ಲಿದ್ದರು. ಸಮಿತಿ ಊರೂರಿನವರ ಹೇಳಿಕೆ ಕೇಳಿ 2003ರ ಕೊನೆಗೆ ವರದಿ ಕೊಟ್ಟಿತು. ಪರಿಹಾರ ತೀರ್ಮಾನ ಆದದ್ದು 2007ರ ಜನವರಿಯಲ್ಲಿ: 89 ಜನರಿಗೆ ಒಟ್ಟು 2 ಕೋಟಿ 80 ಲಕ್ಷ. ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಡಿ. 2004ರಲ್ಲಿ ವೀರಪ್ಪನ್ ಸತ್ತ ಕೆಲವೇ ದಿನದಲ್ಲಿ ತಮಿಳುನಾಡು ಸರ್ಕಾರ ಎಸ್‌ಟಿಎಫ್‌ನ ಏಳು ನೂರಕ್ಕೂ ಹೆಚ್ಚು ಸಿಬ್ಬಂದಿಗೆ ತಲಾ 3 ಲಕ್ಷ ನಗದು, ಒಂದು ಮನೆ ಸೈಟು, ಒಂದು ಪ್ರಮೋಷನ್ ಘೋಷಣೆ ಮಾಡಿತು. ನಗದು ಒಂದೇ 21 ಕೋಟಿಗೂ ಮೇಲೆ. ತಲೆಗೆ ಲೆಕ್ಕ ಹಾಕಿದರೆ ಎರಡು ಕಡೆಯೂ ಸುಮಾರು ಮೂರು ಲಕ್ಷವೇ ಬರುತ್ತದೆ. ವ್ಯತ್ಯಾಸ ಏನು? ಒಬ್ಬರಿಗೆ ಕೆಲವು ದಿನದಲ್ಲಿ ಘೋಷಣೆ ಆಯಿತು, ಇನ್ನೊಬ್ಬರು ಎಂಟು ವರ್ಷ ವಿಚಾರಣೆಯಲ್ಲಿ ನಿಂತು, ತಮ್ಮ ಮೈಮೇಲಿನ ಗಾಯಕ್ಕೆ ತಾವೇ ಸಾಕ್ಷಿ ಹೇಳಿ ಪಡೆದರು. ಸೈಟು ಯಾರಿಗೆ ಸಿಕ್ಕಿತು? ಬೆಟ್ಟದಲ್ಲಿ ಮನೆ ಪಟ್ಟಾಕ್ಕೆ ಅರ್ಜಿ ಹಿಡಿದು ನಿಂತವರಿಗಲ್ಲ.

ಅಷ್ಟು ವರ್ಷ ಅಷ್ಟು ಜೀಪು, ಅಷ್ಟು ಕ್ಯಾಂಪು, ಅಷ್ಟು ಅಧಿಕಾರಿಗಳು ಈ ಬೆಟ್ಟ ಹತ್ತಿ ಇಳಿದರು. ಸರ್ಕಾರಕ್ಕೆ ಈ ಬೆಟ್ಟದ ಒಂದೊಂದು ಹಾಡಿಗೂ ದಾರಿ ಗೊತ್ತಾಯಿತು. ವೀರಪ್ಪನ್ ಸತ್ತಮೇಲೂ ತಮಿಳುನಾಡು ಆ ಪಡೆಯನ್ನು ಉಳಿಸಿಕೊಂಡಿತು. ಹುಡುಕೋಕೆ ಬಂದ ಜೀಪಿಗೆ ಸಿಕ್ಕ ದಾರಿ ಡಾಕ್ಟರಿಗೆ, ಟೀಚರಿಗೆ ಮಾತ್ರ ಯಾಕೆ ದೂರ ಆಗಿ ಉಳಿಯಿತು? ಇವತ್ತಿಗೂ ದೊಡ್ಡ ಕಾಯಿಲೆ ಅಂದರೆ ಒಂದೋ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೆ, ಇಲ್ಲ ಗಡಿ ದಾಟಿ ಚಾಮರಾಜನಗರಕ್ಕೆ. ಗಡಿ ದಾಟಿದರೆ "ನೀವು ತಮಿಳುನಾಡಿನವರಲ್ವಾ, ನಿಮ್ಮ ಕಾರ್ಡು ಇಲ್ಲಿ ನಡೆಯಲ್ಲ" ಅನ್ನೋ ಮಾತು ಕೇಳದವರು ನಮ್ಮಲ್ಲಿ ಕಡಿಮೆ. ಹೆರಿಗೆ ನೋವು ಬಂದ ಹೆಂಗಸಿಗೆ ಯಾವ ರಾಜ್ಯ?

ಬೇರೆ ದಾರಿ ಇದೆಯಾ ಅಂತ ಕೇಳಬಹುದು. ಕೋಸ್ಟರಿಕ ಅನ್ನೋ ಚಿಕ್ಕ ದೇಶ 1948ರಲ್ಲಿ ಸೈನ್ಯವನ್ನೇ ರದ್ದು ಮಾಡಿ, ಮಾರನೇ ವರ್ಷ ಅದನ್ನು ಸಂವಿಧಾನದಲ್ಲಿ ಬರೆದುಕೊಂಡಿತು. ಓದು, ಆರೋಗ್ಯದಲ್ಲಿ ಅದು ಅಕ್ಕಪಕ್ಕದ ದೇಶಗಳಿಗಿಂತ ಮುಂದೆ ಬಂತು. ಚೀನಾ, ಪಾಕಿಸ್ತಾನ ಪಕ್ಕದಲ್ಲಿರುವ ನಾವು ಹಾಗೆ ಮಾಡೋಕೆ ಆಗೋದಿಲ್ಲ, ಅದು ನನಗೂ ಗೊತ್ತು. ಆದರೆ ಇಷ್ಟೇ ಕೊಡಬೇಕು ಅಂತ ಆಕಾಶದಿಂದ ಬರೆದು ಬಂದದ್ದಿಲ್ಲ, ಮನುಷ್ಯರು ಕೂತು ತೂಗಿದ್ದು ಅಂತ ಆ ದೇಶ ತೋರಿಸುತ್ತದೆ. ನಮ್ಮ ಸರ್ಕಾರವೇ 2017ರ ಆರೋಗ್ಯ ನೀತಿಯಲ್ಲಿ, 2025ರ ಹೊತ್ತಿಗೆ ಆರೋಗ್ಯಕ್ಕೆ ದೇಶದ ಉತ್ಪನ್ನದ ಎರಡೂವರೆ ಪರ್ಸೆಂಟ್ ಕೊಡ್ತೀವಿ ಅಂತ ಬರೆದಿತ್ತು. ಶಿಕ್ಷಣಕ್ಕೆ ಆರು ಪರ್ಸೆಂಟ್ ಅಂತ ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. 2025 ಬಂದೇ ಬಿಟ್ಟಿತು. ಸೈನ್ಯದಿಂದ ಕಿತ್ತು ಕೊಡಿ ಅಂತಲೂ ಬೇಡ, ನೀವೇ ಬರೆದದ್ದನ್ನು ಕೊಡಿ ಅಂತ ಕೇಳಿದರೆ ಅದು ದೇಶದ್ರೋಹವಾ?

ಕೊನೆಗೆ ನಾವೇನು ಮಾಡಬೇಕು? ಒಂದು ಸಂಗತಿ ಗಮನಿಸಿ. ನಮ್ಮ ಭವಾನಿಸಾಗರ ವಿಧಾನಸಭಾ ಕ್ಷೇತ್ರ ಮೀಸಲು, ನೀಲಗಿರಿ ಲೋಕಸಭಾ ಕ್ಷೇತ್ರವೂ ಮೀಸಲು. ರಾಜ್ಯದ ಬಜೆಟ್ಟಿಗೂ ಕೇಂದ್ರದ ಬಜೆಟ್ಟಿಗೂ ಕೈ ಎತ್ತುವವರು ಇಬ್ಬರೂ ನಮ್ಮ ಹೆಸರಿನಲ್ಲಿ ಇರುವ ಸೀಟಿನಿಂದ ಹೋದವರು. ಅವರು ಯಾವ ಪಕ್ಷದವರೇ ಆಗಲಿ, ಮುಂದಿನ ಸಲ ಊರಿಗೆ ಬಂದಾಗ ಹಾರ ಹಾಕಿ ಸುಮ್ಮನಾಗದೆ ಮೂರು ಪ್ರಶ್ನೆ ಕೇಳೋಣ. ಪರಿಶಿಷ್ಟರಿಗೆ ಎತ್ತಿಟ್ಟ ದುಡ್ಡಿನಲ್ಲಿ ತಾಳವಾಡಿಗೆ ಈ ವರ್ಷ ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು? ಸ್ಕಾಲರ್‌ಶಿಪ್ ಇಂಥ ತಿಂಗಳೊಳಗೆ ಕೊಡ್ತೀವಿ ಅಂತ ಕಂತಿನ ದಿನ ಯಾಕೆ ಬರೆದುಕೊಡಬಾರದು? ಬೆಟ್ಟದ ರೋಗಿ ಚಾಮರಾಜನಗರದಲ್ಲೂ ತೊಂದರೆಯಿಲ್ಲದೆ ಚಿಕಿತ್ಸೆ ಪಡೆಯೋ ಹಾಗೆ ಎರಡು ರಾಜ್ಯಗಳು ಕೂತು ಮಾತಾಡಿದ್ದಾರಾ? ವೀರಪ್ಪನ್ ಹಿಡಿಯೋಕೆ ಎರಡು ರಾಜ್ಯದ ಪೊಲೀಸರು ಒಂದಾಗಿ ಕೆಲಸ ಮಾಡಿದ್ದನ್ನು ಕಂಡಿದ್ದೀವಿ. ಹೆರಿಗೆಗೂ ಒಂದಾಗಲಿ.

ಇವೇ ಪ್ರಶ್ನೆಗಳನ್ನು ಗ್ರಾಮಸಭೆಯ ಪುಸ್ತಕದಲ್ಲಿ ಬರೆಸೋಣ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕೋಣ, ಹತ್ತು ರೂಪಾಯಿ ಖರ್ಚು. ಅರ್ಜಿ ತಮಿಳಿನಲ್ಲಿ ಬರೆಯೋಕೆ ಕಷ್ಟ ಅನ್ನೋರು ನನ್ನ ಹತ್ತಿರ, ನನ್ನ ಜೊತೆ ಓದುವವರ ಹತ್ತಿರ ಬನ್ನಿ, ಭಾನುವಾರ ಸಂಘದ ಕೋಣೆಯಲ್ಲಿ ಕೂತು ಬರೆದುಕೊಡ್ತೀವಿ. ಬಾಬಾಸಾಹೇಬರು 350ರಲ್ಲಿ 180 ಅಂತ ಲೆಕ್ಕ ಇಟ್ಟು ಕೇಳಿದರು. ನಾವೂ ಲೆಕ್ಕ ಇಟ್ಟುಕೊಂಡೇ ಕೇಳೋಣ.